ಬಜ್ಜಿ ಪೊಟ್ಟಣದ ಗುಟ್ಟು

ಮಾರ್ಚ್ ೧೨, ಬುಧವಾರ, ಯೋಗ್ಯಕರ್ತ ನಗರ, ಇಂಡೋನೇಷ್ಯಾ

ಇವತ್ತು ನನ್ನ ಮಾನ ಹೋಯಿತು, ಆದರೂ ನಗು ತಡೆಯೋಕಾಗುತ್ತಿಲ್ಲ. ವಿಶ್ವವಿದ್ಯಾಲಯದ ಗೇಟಿನ ಹತ್ತಿರ ತಿಂಡಿ ಗಾಡಿ ಇಟ್ಟಿರುವ ವಾಗಿನೆಂ ಅಕ್ಕ ಬಾಳೆಹಣ್ಣಿನ ಬಜ್ಜಿ ಕಟ್ಟಿಕೊಟ್ಟಿದ್ದು ನಮ್ಮ ವಿದ್ಯಾರ್ಥಿನಿಯೊಬ್ಬಳ ಅಂಕಪಟ್ಟಿಯಲ್ಲಿ! ಫೋಟೋ, ವಿಳಾಸ, ಫೋನ್ ನಂಬರು ಎಲ್ಲಾ ಎಣ್ಣೆಯಲ್ಲಿ ಮಿನುಗುತ್ತಿತ್ತು. ಹಳೇ ಕಡತಗಳನ್ನು ಚೂರು ಮಾಡಿಸದೆ ರದ್ದಿಗೆ ಹಾಕಿಸಿದವಳು ದಾಖಲೆ ವಿಭಾಗದ ನಾನೇ.

"ಅಕ್ಕಾ, ಆ ರದ್ದಿ ಕಾಗದದ ಕಟ್ಟು ಪೂರ್ತಿ ಕೊಟ್ಬಿಡು. ಅದು ಮಕ್ಕಳ ಗುಟ್ಟು."

"ಇನ್ನೆಲ್ಲಿ ಗುಟ್ಟು ಮೇಡಂ? ನಂಗೆಲ್ಲಾ ಬಾಯಿಪಾಠ ಆಗಿದೆ. ಫೇಲಾದೋರ ಮುಖ ಗುರುತು ಸಿಕ್ರೆ ಪಾಪ ಅಂತ ಒಂದು ಬಜ್ಜಿ ಜಾಸ್ತಿ ಹಾಕ್ತೀನಿ."

ಬದಲಿಗೆ ಹಳೇ ದಿನಪತ್ರಿಕೆ ತಂದುಕೊಟ್ಟು, ಕಟ್ಟನ್ನು ಹೊತ್ತು ಮನೆಗೆ ಬಂದೆ. ಚೂರು ಮಾಡುತ್ತಾ ಕೂತಾಗ ಹೊಳೆಯಿತು: ಒಂದು ವಾರದಿಂದ ನನಗೂ ಒಂದು ಬಜ್ಜಿ ಜಾಸ್ತಿ ಬರುತ್ತಿದೆ. ನಾನೂ ಇಲ್ಲೇ ಓದಿದವಳು. ಸಂಖ್ಯಾಶಾಸ್ತ್ರದಲ್ಲಿ ಎರಡು ಸಲ…