ಎಡಸೊಂಟದ ಒರೆ

ಮಾರ್ಚ್ ೧೧, ಮಂಗಳವಾರ.

ಮತ್ತೆ ಅದೇ ತಪ್ಪು. ತೋಟಗಾರರ ಚಾಕುವಿನ ಒರೆಯನ್ನು ಎಡಸೊಂಟಕ್ಕೆ ಕೂರುವಂತೆ ಹೊಲಿದುಬಿಟ್ಟೆ. ಅದನ್ನು ಮಾಡಿಸಿದ್ದ ತೋಟದ ಅಜ್ಜ ಬೆಲ್ಟಿಗೆ ಸಿಕ್ಕಿಸಿಕೊಂಡು ನೋಡಿ, "ನಾನು ಎಡಚ ಅಲ್ಲಮ್ಮ. ಯಾರದ್ದೋ ನಂಗೆ ಕೊಟ್ಟಿದೀಯ" ಅಂದರು.

ಎಡಚರು ನಮ್ಮ ಮನೆಯವರು. ಅವರಿಲ್ಲ ಎಂಬುದು ನನಗೆ ಗೊತ್ತು, ಕೈಗೆ ಇನ್ನೂ ಗೊತ್ತಾಗಿಲ್ಲ. ಸೂಜಿ ಹಿಡಿದರೆ ಸಾಕು, ಅವರ ಸೊಂಟಕ್ಕೇ ಹೊಲಿಯುತ್ತದೆ, ಹಾಳಾದ್ದು.

ಸಂಜೆ ಹೊಲಿಗೆ ಬಿಚ್ಚಿ, ಬೆಲ್ಟಿಗೆ ಸಿಕ್ಕಿಸುವ ಪಟ್ಟಿಯನ್ನು ಟಿಚ್ ಬಟನ್ ಹಾಕಿ ಕಳಚುವಂತೆ ಮಾಡಿದೆ. ಇನ್ನು ಎಡಕ್ಕೋ ಬಲಕ್ಕೋ, ನೆಟ್ಟಗೋ ಅಡ್ಡಕ್ಕೋ, ಯಾರು ಹೇಗೆ ಬೇಕಾದರೂ ಕಟ್ಟಿಕೊಳ್ಳಲಿ.

ಪರೀಕ್ಷಿಸಲು ಗೂಟದಲ್ಲಿದ್ದ ಅವರ ಬೆಲ್ಟನ್ನೇ ಬಿಗಿದುಕೊಂಡೆ. ನನಗೆ ಹೆಚ್ಚುಕಡಿಮೆ ಎರಡು ಸುತ್ತು ಬರುತ್ತದೆ. ಒರೆಯನ್ನು ಎಡಕ್ಕೆ ಸಿಕ್ಕಿಸಿದೆ. ಚೆನ್ನಾಗಿ ಕೂತಿತು. ಬಲಕ್ಕೂ ಹಾಕಿ ನೋಡಬೇಕಿತ್ತು, ಮನಸ್ಸು ಬರಲಿಲ್ಲ. ಬೆಲ್ಟು ಕಟ್ಟಿಕೊಂಡೇ ಇದನ್ನು ಬರೆಯುತ್ತಿದ್ದೇನೆ.