ಹಾಡು ಕಲಿಸದ ಮಾತು

ಬುಧವಾರ, ಊಟದ ಬಿಡುವು
ಆಸ್ಪತ್ರೆಯ ಲಾಂಡ್ರಿ ಕೋಣೆ

ನನ್ನ ಚಿನಕುರುಳಿಗೆ,

ಅಮ್ಮ ಮಾಡುವ ಆಶೀರ್ವಾದಗಳು. 'ಅಮ್ಮ' ಅಂತ ಬರೆದು ಐದು ನಿಮಿಷ ಪೆನ್ನು ಹಿಡಿದು ಸುಮ್ಮನೆ ಕೂತಿದ್ದೆ. ಹೊಡೆದುಹಾಕಲು ಮನಸ್ಸು ಬರಲಿಲ್ಲ.

ಒಂದೇ ಮನೆಯಲ್ಲಿದ್ದುಕೊಂಡು ಇದೇನು ಕಾಗದ ಅಂತ ನಗಬೇಡ. ಬಾಯಲ್ಲಿ ಹೇಳಲು ಹೋದರೆ ಅರ್ಧಕ್ಕೇ ಬಿಟ್ಟುಬಿಡುತ್ತೇನೆ. ನಿನ್ನೆ ಸಂಜೆಯಿಂದ ಮಾಡಿದ ಕೆಲಸವೆಲ್ಲ ತಪ್ಪುತ್ತಿದೆ. ಇವತ್ತು ಬೆಳಿಗ್ಗೆ ಆಪರೇಷನ್ ಕೋಣೆಯ ಹಸಿರು ಬಟ್ಟೆಗಳ ಜೊತೆ ಬಿಳಿ ಚಾದರಗಳನ್ನೂ ತುಂಬಿ, ಒಂದು ಮೆಷಿನ್ ಪೂರ್ತಿ ಹಸಿರು ಮಾಡಿಟ್ಟೆ. ಇಲ್ಲಿ ಕೆಲಸಕ್ಕೆ ಸೇರಿದ ಹದಿನೆಂಟು ವರ್ಷದಲ್ಲಿ ಇದೇ ಮೊದಲು. ಇಲ್ಲಿ ಇಸ್ತ್ರಿ ಮಾಡುವ ಇಸ್ತ್ರಿ ಅಕ್ಕ ಓಡಿ ಬಂದು, "ಏನಾಯ್ತೇ ನಿಂಗೆ? ಮೈಮೇಲೆ ಜ್ಞಾನ ಇದ್ಯಾ?" ಅಂದಳು. ನಿಜವಾಗಿ ಇರಲಿಲ್ಲ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನನಗೆ ಕೊರಿಯನ್ ಅರ್ಥವಾಗುತ್ತದೆ ಕಣೇ. ಪೂರ್ತಿ ಅಲ್ಲ, ಅಲ್ಲೊಂದು ಇಲ್ಲೊಂದು ಮಾತು. ಕೊರಿಯಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಆ ಭಾಷೆ ಬೇಕು ಅಂತ ನೀನು ಹಾಡು ಹಾಕಿಕೊಂಡು ಕಲಿಯಲು ಶುರು ಮಾಡಿದೆಯಲ್ಲ. ಎಡಕ್ಕೆ ಅವರ ಮಾತನ್ನು ನಮ್ಮ ಅಕ್ಷರದಲ್ಲಿ, ಬಲಕ್ಕೆ ಅದರ ಅರ್ಥವನ್ನು ಬರೆದ ಆ ನೋಟ್‌ಬುಕ್ಕು, ನೀನು ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಟ ಮೇಲೆ ಅದನ್ನೇ ನಾನೂ ಓದುತ್ತಿದ್ದೆ. ಅದೇ ಹಾಡುಗಳನ್ನು ಕಿವಿಗೆ ಸಿಕ್ಕಿಸಿಕೊಂಡು ಚಾದರ ಮಡಿಸುತ್ತಿದ್ದೆ. ಕಾಜಿಮಾ, ಹೋಗಬೇಡ. ಉಲ್ಜಿಮಾ, ಅಳಬೇಡ. ಆ ಹಾಡುಗಳಲ್ಲಿ ಜನ ಅಳುತ್ತಾರೆ, ಕಾಯುತ್ತಾರೆ, ಅಷ್ಟೇ. ಬಸ್ಸು ಎಷ್ಟು ಗಂಟೆಗೆ ಅಂತ ಒಬ್ಬರೂ ಕೇಳುವುದಿಲ್ಲ. ನನ್ನ ಗುನುಗು ಕೇಳಿ ಇಸ್ತ್ರಿ ಅಕ್ಕ, "ಈ ವಯಸ್ಸಲ್ಲಿ ಯಾರನ್ನ ಕಟ್ಕೊಂಡು ಓಡಿಹೋಗ್ತೀಯೇ?" ಅಂತ ಛೇಡಿಸುತ್ತಿದ್ದಳು.

ಹೊತ್ತು ಕಳೆಯಲು ಕಲಿತೆ ಅಂತ ಬರೆಯೋಣ ಅಂದುಕೊಂಡಿದ್ದೆ. ಅದು ಸುಳ್ಳು. ನೀನು ಬಾಗಿಲು ಎಳೆದುಕೊಂಡು ಆ ಭಾಷೆಯಲ್ಲಿ ಕಿಲಕಿಲ ನಗುವಾಗ, ಯಾವನೋ ಹುಡುಗ ಇದ್ದಾನೆ ಅನ್ನಿಸಿತು. ಕದ್ದು ಕೇಳುವುದಕ್ಕೇ ಕಲಿತೆ. ಆಮೇಲೆ ತಿಳಿಯಿತು, ಫೋನಿನ ಆ ಕಡೆ ಇದ್ದವರು ನಿನ್ನ ಟೀಚರ್, ಐವತ್ತು ದಾಟಿದ ಹೆಂಗಸು ಅಂತ. ಅಷ್ಟರಲ್ಲಿ ಹಾಡು ನನ್ನನ್ನು ಹಿಡಿದುಬಿಟ್ಟಿತ್ತು.

ನಿನ್ನೆ ನಿನ್ನ ಬಟ್ಟೆ ಇಸ್ತ್ರಿ ಮಾಡಿ ತಂದು ಬಾಗಿಲ ಹೊರಗೆ ನಿಂತಿದ್ದೆ. ಒಳಗೆ ನೀನು ಟೀಚರ್‌ಗೆ ಫೋನಿನಲ್ಲಿ ಸಂದರ್ಶನದ ಪಾಠ ಒಪ್ಪಿಸುತ್ತಿದ್ದೆ. 'ಒಮ್ಮಾ', ಅಂದರೆ ಅಮ್ಮ, ಅನ್ನುವುದು ಕೇಳಿಸಿತು. ನನ್ನ ಮಾತೇ ಬಂತಲ್ಲ ಅಂತ ಹಿಗ್ಗಿದೆ. ಹಿಂದೆಯೇ ನೀನು 'ದೊರಾಗಾಶ್ಯೊಸ್ಸೊಯೊ' ಅಂದೆ. 'ದೊರಾಗಾ' ಅಂದರೆ ವಾಪಸ್ಸು ಹೋಗು ಅಂತ ಹಾಡಿನಿಂದ ಗೊತ್ತಿತ್ತು. ಅಮ್ಮ ವಾಪಸ್ಸು ಹೋದಳು? ಎಲ್ಲಿಗೆ ಹೋದೆ ನಾನು, ಬಟ್ಟೆ ಹಿಡಿದುಕೊಂಡು ಇಲ್ಲೇ ನಿಂತಿದ್ದೇನಲ್ಲ ಅಂತ ನಗು ಬಂತು.

ನೀನು ಬ್ರೆಡ್ ತರಲು ಕೆಳಗಿಳಿದಾಗ ನೋಟ್‌ಬುಕ್ ತೆಗೆದೆ. ಕೊನೆಯ ಪುಟದಲ್ಲಿ ಆ ಮಾತು ಇತ್ತು. ಬಲಕ್ಕೆ ನೀನು ಬರೆದಿದ್ದೆ: 'ತೀರಿಕೊಂಡರು. ಹಿರಿಯರಿಗೆ ಹೀಗೆ ಹೇಳಬೇಕು.'

ಕೂತು ಉಸಿರಾಡುತ್ತಿರುವ ನನ್ನನ್ನು ಯಾರೋ ಪರಕೀಯರ ಮುಂದೆ ಸಾಯಿಸಿಬಿಟ್ಟಳಲ್ಲ ಅಂತ ಎಂಥ ಸಿಟ್ಟು ಬಂತೆಂದರೆ, ಆ ಪುಟ ಹರಿಯಲು ಹೊರಟಿದ್ದೆ. ಆಗ ಕೆಳಗಿನ ಸಾಲು ಕಣ್ಣಿಗೆ ಬಿತ್ತು. 'ಈಗ ಇಮೋ ಜೊತೆ ಇದ್ದೇನೆ.' ಪಕ್ಕದಲ್ಲಿ, 'ಇಮೋ: ಚಿಕ್ಕಮ್ಮ, ತಾಯಿಯ ತಂಗಿ.'

ರಟ್ಟಿನ ಒಳಗಡೆ ನಾಲ್ಕು ಮಡಿಕೆ ಮಾಡಿದ ನಿನ್ನ ಜನನ ಪತ್ರದ ಪ್ರತಿ ಇತ್ತು. ತಾಯಿಯ ಹೆಸರಿನ ಜಾಗದಲ್ಲಿ ನನ್ನ ಅಕ್ಕನ ಹೆಸರು. ಕಚೇರಿಯ ಮೊಹರಿನಲ್ಲಿದ್ದ ತಾರೀಖು ಎರಡು ವರ್ಷ ಹಳೆಯದು.

ಎರಡು ವರ್ಷ! ಈ ಎರಡು ವರ್ಷದಲ್ಲಿ ದಿನಾ ಬೆಳಿಗ್ಗೆ "ಅಮ್ಮಾ, ನನ್ ಸಾಕ್ಸ್ ಎಲ್ಲಿಟ್ಟೆ?" ಅಂತ ಮನೆ ಹಾರಿಹೋಗುವಂತೆ ಕೂಗಿದೆಯಲ್ಲೇ. ಜ್ವರದಲ್ಲಿ ನನ್ನ ಮಡಿಲಲ್ಲಿ ಮಲಗಿದ್ದೆಯಲ್ಲೇ. ಒಂದು ದಿನವಾದರೂ ಮುಖ ಬಾಡಿಸಲಿಲ್ಲ. ನಾನು ಗುಟ್ಟು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ನೀನು ನನ್ನನ್ನು ಕಾಯುತ್ತಿದ್ದೆ.

ಮೆಟ್ಟಿಲ ಸದ್ದು ಕೇಳಿ ಎಲ್ಲ ಇದ್ದ ಹಾಗೇ ಇಟ್ಟೆ. ಒಳಗೆ ಬಂದವಳೇ ನೀನು, "ಯಾಕಮ್ಮ, ಮುಖ ಹಿಂಗಾಗಿದೆ?" ಅಂದೆ. "ಇಸ್ತ್ರಿ ಬಿಸಿಗೆ" ಅಂದೆ ನಾನು. ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟೆ. ನೀನು ತಿಂದೆ. ಇಬ್ಬರೂ ಎಂಥ ನಟಿಯರು.

ಈಗ ನನ್ನ ಬಾಯಿಂದಲೇ ಕೇಳು. ನಿನಗೆ ಎಂಟು ತಿಂಗಳು. ಹಲ್ಲು ಬರುವ ಜ್ವರ ಅಂತ ನಿನ್ನನ್ನು ನನ್ನ ಬಳಿ ಬಿಟ್ಟು ಅಕ್ಕ, ಭಾವ ಸ್ಕೂಟರಿನಲ್ಲಿ ಹೋದರು. ಲಾರಿ ಗುದ್ದಿತು, ಇಬ್ಬರೂ ಉಳಿಯಲಿಲ್ಲ. ನನಗಾಗ ಇಪ್ಪತ್ತೊಂದು. ನಿನಗೆ ಮಾತು ಬಂದಾಗ, ನೆಲ ಒರೆಸುತ್ತಿದ್ದ ನನ್ನ ಸೆರಗು ಎಳೆದು 'ಅಮ್ಮ' ಅಂದೆ. 'ಅಲ್ಲ ಪುಟ್ಟಾ, ಚಿಕ್ಕಮ್ಮ' ಅಂತ ನಾನು ತಿದ್ದಬೇಕಿತ್ತು. ಬಾಯಿ ಬರಲಿಲ್ಲ. ಶಾಲೆಗೆ ಸೇರಲಿ, ಪರೀಕ್ಷೆ ಮುಗಿಯಲಿ, ಕೆಲಸ ಸಿಗಲಿ ಅಂತ ಮುಂದೂಡುತ್ತಾ ಇಪ್ಪತ್ತಮೂರು ವರ್ಷ ಕಳೆದೆ. ಕದ್ದವಳಿಗೆ ಯಾವತ್ತೂ ಒಳ್ಳೆ ದಿನ ಸಿಗುವುದಿಲ್ಲ.

ಸೋಮವಾರದ ಸಂದರ್ಶನದಲ್ಲಿ 'ಅಮ್ಮ ತೀರಿಕೊಂಡರು' ಅನ್ನುವ ಆ ಸಾಲನ್ನು ಹಾಗೇ ಹೇಳು. ಧ್ವನಿ ನಡುಗಿಸಬೇಡ. ಅಕ್ಕನಿಗೆ ಸಲ್ಲಬೇಕಾದ ಗೌರವದ ಮಾತು ಅದು. ನಾನು ಅವಳಿಗೆ ಅಷ್ಟನ್ನೂ ಕೊಟ್ಟಿರಲಿಲ್ಲ. ಅವಳ ಒಂದು ಫೋಟೊ ಕೂಡ ಗೋಡೆಗೆ ಹಾಕಲಿಲ್ಲ.

ಸಂಜೆ ಮನೆಗೆ ಬಂದಾಗ ನನ್ನನ್ನು ಹೇಗೆ ಕರೆದರೂ 'ಓ' ಅನ್ನುತ್ತೇನೆ.

ಇಂತಿ,
ನಿನ್ನನ್ನು ಹೆರದವಳು

ತಾ.ಕ.: ಕಾಗದ ಮಡಿಚಿ ಮತ್ತೆ ಬಿಚ್ಚಿದೆ. ನಿನ್ನ ನೋಟ್‌ಬುಕ್ಕಿನ ಆ ಪುಟದ ಮೂರನೆಯ ಸಾಲು ತಪ್ಪು. 'ಒಡಹುಟ್ಟಿದವರಿಲ್ಲ' ಅಂತ ಬರೆದಿದ್ದೀಯ. ಸೋಮವಾರದ ಒಳಗೆ ತಿದ್ದಿಕೋ. ನಿನಗೊಬ್ಬ ಅಣ್ಣ ಇದ್ದಾನೆ. ಅಕ್ಕ, ಭಾವ ಹೋದಾಗ ಅವನಿಗೆ ಐದು ವರ್ಷ. ನನ್ನ ಒಂದೇ ಕೋಣೆಯಲ್ಲಿ ಇಬ್ಬರನ್ನು ಸಾಕುವ ಧೈರ್ಯ ನನಗಾಗಲಿಲ್ಲ, ಭಾವನ ಅಣ್ಣನ ಮನೆಯವರು ಅವನನ್ನು ಕರೆದುಕೊಂಡು ಹೋದರು. ಮೂರು ವರ್ಷದಿಂದ ನಿನ್ನನ್ನು ನೋಡಬೇಕು ಅಂತ ಫೋನು ಮಾಡುತ್ತಿದ್ದಾನೆ. "ಅವಳಿಗೇನೂ ಗೊತ್ತಿಲ್ಲ, ಬರಬೇಡ" ಅಂತ ನಾನೇ ತಡೆದೆ. ಅವನ ನಂಬರ್ ಈ ಹಾಳೆಯ ಹಿಂದೆ ಬರೆದಿದ್ದೇನೆ.