ನನ್ನ ಗಂಡನಿಗೆ ನೀವು ಗೊತ್ತುಮಾಡಿದ ಜಾಗ

ಮಾನ್ಯ ದಂಗೆ ಸ್ಮಾರಕ ಮಂಡಳಿಯ ಅಧ್ಯಕ್ಷರೇ,

ನನ್ನ ಗಂಡ ಸತ್ತ ಮೇಲೆ ಅವರನ್ನು ಬೇರೊಬ್ಬ ಹೆಂಗಸಿನ ಪಕ್ಕ ಮಲಗಿಸಬೇಕೆಂದು ನಿಮ್ಮ ಮಂಡಳಿ ಸರ್ವಾನುಮತದಿಂದ ತೀರ್ಮಾನಿಸಿದೆ. ಗಂಡ ಇನ್ನೂ ಬದುಕಿದ್ದಾರೆ. ಹೆಂಡತಿಯೂ ಬದುಕಿದ್ದಾಳೆ. ಆಕೆಯನ್ನು ಒಂದು ಮಾತು ಕೇಳಬೇಕೆಂದು ನಿಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಇದು ಮುದುಕಿಯ ಹೊಟ್ಟೆಕಿಚ್ಚು ಎಂದು ನಿಮ್ಮ ಕಾರ್ಯದರ್ಶಿ ಮೂಗು ಮುರಿಯುವ ಮೊದಲು ನಾನೇ ಹೇಳಿಬಿಡುತ್ತೇನೆ: ಹೌದು, ಹೊಟ್ಟೆಕಿಚ್ಚೇ.

ಆ ಹೆಂಗಸು ಯಾರೆಂಬುದನ್ನು ನಿಮ್ಮಲ್ಲಿ ದಂಗೆಯ ನಂತರ ಹುಟ್ಟಿದವರಿಗಾಗಿ ಹೇಳುತ್ತೇನೆ. ಪರದೇಶದವರು ನಮ್ಮ ಈ ಪುಟ್ಟ ನಗರರಾಜ್ಯವನ್ನು ಆಳುತ್ತಿದ್ದಾಗ ಆಕೆ ಟೆಲಿಫೋನ್ ಕೇಂದ್ರದಲ್ಲಿ ಆಪರೇಟರ್. ಜನ ದಂಗೆ ಎದ್ದ ದಿನ ಕುರ್ಚಿ ಬಿಟ್ಟು ಏಳದೆ, ಪರದೇಶಿ ಸೇನಾಧಿಕಾರಿಗಳ ಕರೆಗಳನ್ನೆಲ್ಲ ಮೀನು ಮಾರುಕಟ್ಟೆಗೂ ಹೆರಿಗೆ ಆಸ್ಪತ್ರೆಗೂ ಜೋಡಿಸುತ್ತ ಕೂತಳು. ಸೈನ್ಯಕ್ಕೆ ಹುಕುಂ ತಲುಪಲಿಲ್ಲ. ಕೋಟೆಯ ಬಾಗಿಲು ಜನರ ಕೈಗೆ ಬಂತು. ಊರು ಬಿಟ್ಟು ಓಡುವ ಮೊದಲು ಪರದೇಶದವರು ಆಕೆಯನ್ನು ಅದೇ ಕುರ್ಚಿಯಲ್ಲಿ ಗುಂಡಿಕ್ಕಿ ಕೊಂದರು. ಇಪ್ಪತ್ತೆರಡರ ಹುಡುಗಿ. ಕನ್ನಡಕದ ಅಂಗಡಿಯ ತರುಣನೊಬ್ಬನೊಂದಿಗೆ ಮದುವೆ ನಿಶ್ಚಯವಾಗಿತ್ತು. ಕೆಲವು ವರ್ಷಗಳ ನಂತರ ಆ ತರುಣನನ್ನು ನಾನು ಮದುವೆಯಾದೆ.

ಆಕೆಯ ಧೈರ್ಯದ ಬಗ್ಗೆ ನನ್ನ ತಕರಾರಿಲ್ಲ. ಆ ದಿನ ಮಂಚದ ಕೆಳಗೆ ಉಸಿರು ಬಿಗಿಹಿಡಿದು ಮಲಗಿದ್ದವರಲ್ಲಿ ನಾನೂ ಒಬ್ಬಳು. ಆದರೆ ಗೆದ್ದ ಮೇಲೆ ನೀವು ಮಾಡಿದ್ದೇನು? ನಮ್ಮ ಮನೆಯೆದುರಿನ ವೃತ್ತದಲ್ಲೇ ಆಕೆಯ ಪ್ರತಿಮೆ ನಿಲ್ಲಿಸಿದಿರಿ; ಕಿಟಕಿ ತೆರೆದರೆ ಆಕೆ. ಅಂಚೆ ಚೀಟಿಯ ಮೇಲೂ ಆಕೆ. ಮಗಳಿಗೆ ಕಾಗದ ಹಾಕಬೇಕಾದರೆ ಆಕೆಯ ಬೆನ್ನಿಗೆ ನಾನು ನಾಲಿಗೆ ತಾಗಿಸಬೇಕು. ಆಕೆಗೆ ಮಂಡಿ ನೋಯುವುದಿಲ್ಲ, ತಲೆ ನರೆಯುವುದಿಲ್ಲ, ಅಡುಗೆಗೆ ಉಪ್ಪು ಹೆಚ್ಚಾಯಿತೆಂದು ಆಕೆಗೆ ಯಾರೂ ಅನ್ನುವುದಿಲ್ಲ. ಇಂಥವಳೊಂದಿಗೆ ಪೈಪೋಟಿಗಿಳಿದು ಯಾವ ಹೆಂಡತಿ ಗೆದ್ದಾಳು? ಪ್ರತಿ ವರ್ಷ ವಿಜಯದ ದಿನ ನನ್ನ ಗಂಡನನ್ನು ಕಾರಿನಲ್ಲಿ ಕರೆದೊಯ್ದು ವೇದಿಕೆಯ ಮೇಲೆ ಕೂರಿಸುತ್ತೀರಿ. ನನಗೆ ಚಾಲಕರ ಸಾಲಿನಲ್ಲಿ ಜಾಗ. ಶಾಲೆಯ ಪಾಠದಲ್ಲಿ ‘ಆತ ಆಕೆಯ ನೆನಪಿನಲ್ಲೇ ಒಂಟಿಯಾಗಿ ಬಾಳಿದ’ ಎಂದು ಅಚ್ಚು ಹಾಕಿಸಿದ್ದೀರಿ. ಅದನ್ನು ನನ್ನ ಸ್ವಂತ ಮೊಮ್ಮಗಳು ನನ್ನೆದುರೇ ಕೂತು ಬಾಯಿಪಾಠ ಮಾಡಿದಳು. ಒಂಟಿಯಾಗಿ ಬಾಳಿದವನಿಗೆ ಮೂರು ಮಕ್ಕಳು ಹೇಗಾದವು ಎಂಬುದನ್ನು ಮುಂದಿನ ಮುದ್ರಣದಲ್ಲಿ ವಿವರಿಸುವಿರಾ?

ಇಷ್ಟನ್ನೂ ನುಂಗಿಕೊಂಡಿದ್ದೆ. ಸಮಾಧಿಯ ಜಾಗದ ಸುದ್ದಿ ಹೇಳಲು ನಿಮ್ಮ ಅಧಿಕಾರಿ ಮನೆಗೆ ಬಂದಾಗ ಮಾತ್ರ ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಆತ ಹೋದ ಮೇಲೆ, ನೀವೇನಂತೀರಿ ಎಂದು ಗಂಡನನ್ನು ಕೇಳಿದೆ. ಅವರು ಕನ್ನಡಕ ಒರೆಸುತ್ತ ಕೂತರು. ದೊಡ್ಡವರು ಮನೆಗೇ ಬಂದು ಗೌರವ ಕೊಡುವಾಗ ಬೇಡ ಅನ್ನುವುದು ಹೇಗೆ ಎಂದರು. ಆ ವಾರವೆಲ್ಲ ನಾನು ಅವರೊಂದಿಗೆ ಮಾತು ಬಿಟ್ಟೆ.

ಸತ್ತವಳ ಜೊತೆ ಜಗಳವಾಡಲು ಬರುವುದಿಲ್ಲವಲ್ಲ. ಆಕೆಯ ತಂಗಿಯನ್ನು ಹುಡುಕಿಕೊಂಡು ಹೋದೆ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವರದು ಇಸ್ತ್ರಿ ಅಂಗಡಿ. ನಾನು ಯಾರೆಂದು ಹೇಳಿದಾಗ ಕುರ್ಚಿಯ ಮೇಲಿದ್ದ ಬಟ್ಟೆ ಎತ್ತಿ ಕೂರಿಸಿದರು. ನಾನು ಕಾರಿಕೊಂಡದ್ದನ್ನೆಲ್ಲ ಕೇಳಿಸಿಕೊಂಡು, ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟರು.

“ಅಕ್ಕನ ಪಕ್ಕ ಮಲಗ್ತಿದ್ದವಳು ನಾನು,” ಎಂದರು. “ಚಿಕ್ಕಂದಿನಿಂದ ಒಂದೇ ಹಾಸಿಗೆ, ಒಂದೇ ಹೊದಿಕೆ. ಆವತ್ತು ಬೆಳಿಗ್ಗೆ ಹೊದಿಕೆ ಪೂರ್ತಿ ನೀನೇ ಎಳ್ಕೊಂಡೆ ಅಂತ ಬೈದು ಕೆಲಸಕ್ಕೆ ಹೋದಳು. ಆ ಜಾಗ ನನಗೆ ಕೊಡಿ ಅಂತ ನಾನೂ ಕೇಳಿದ್ದೆ. ತಂಗಿಯರಿಗೆಲ್ಲ ನಿಯಮದಲ್ಲಿ ಅವಕಾಶ ಇಲ್ಲವಂತೆ. ನಿಮ್ಮ ಯಜಮಾನ್ರಿಗೆ ಮಾತ್ರ ಇದೆಯಂತೆ.”

ಅವರಿಗೆ ನನ್ನ ಗಂಡನ ಮೇಲೆ ಹೊಟ್ಟೆಕಿಚ್ಚು! ಜಗಳಕ್ಕೆ ಹೋದವಳು ಸಂಜೆಯವರೆಗೆ ಅವರೊಂದಿಗೆ ಕೂತು ಬಟ್ಟೆ ಮಡಚಿ ಬಂದೆ.

ಮನೆಗೆ ಬಂದು ಮಾತು ಬಿಟ್ಟದ್ದನ್ನು ಮರೆತು ಗಂಡನಿಗೆ ಎಲ್ಲವನ್ನೂ ಹೇಳಿದೆ. ಹೊದಿಕೆಯ ಮಾತು ಅವರಿಗೂ ಗೊತ್ತಿರಲಿಲ್ಲ. ಕನ್ನಡಕ ತೆಗೆದಿಟ್ಟು, “ಅವಳಿಗಿನ್ನೂ ಇಪ್ಪತ್ತೆರಡೇ ಕಣೇ,” ಎಂದರು. “ಈ ಮುದುಕನ್ನ ತಂದು ಪಕ್ಕದಲ್ಲಿ ಹಾಕಿದ್ರೆ ಅವಳಿಗೆ ಗುರುತು ಸಿಗುತ್ತಾ? ನನ್ನ ಗುರುತಿರೋದು ನಿನಗೆ.” ‘ಅವಳಿಗಿನ್ನೂ’ ಎನ್ನುವಾಗ ಅವರ ದನಿ ಮೆತ್ತಗಾದದ್ದಕ್ಕೆ ನನಗೆ ಮತ್ತೆ ಉರಿಯಿತು, ಅದು ಬೇರೆ ಮಾತು.

ಅಧ್ಯಕ್ಷರೇ, ಆ ಜಾಗವನ್ನು ತಂಗಿಗೆ ಕೊಡಿ. ನಿಯಮ ಅಡ್ಡ ಬಂದರೆ ನಿಯಮ ಬದಲಿಸಿ. ಪರದೇಶದವರ ಸರ್ಕಾರವನ್ನೇ ಕಿತ್ತೊಗೆದ ಊರಿಗೆ ಒಂದು ನಿಯಮ ತಿದ್ದಲು ಕೈ ನಡುಗುತ್ತದೆಯೇ? ನನ್ನ ಗಂಡನ ಜಾಗ ಊರಾಚೆಯ ಸಾರ್ವಜನಿಕ ಸ್ಮಶಾನದಲ್ಲಿದೆ, ನನ್ನ ಪಕ್ಕ. ಮುಂದಿನ ವಿಜಯದ ದಿನ ಕಾರು ಕಳಿಸಬೇಡಿ. ಅವರು ಆಕೆಗೆ ಹೂವಿಡಲು ನಡೆದೇ ಬರುತ್ತಾರೆ, ಜೊತೆಗೆ ನಾನೂ ಬರುತ್ತೇನೆ. ಬಗ್ಗಲು ಈಗ ಅವರ ಸೊಂಟ ಒಪ್ಪುವುದಿಲ್ಲ. ಆಕೆಯ ಕಾಲ ಬಳಿ ಹೂವಿಡಬೇಕಾದವಳು ನಾನೇ.

ಇಂತಿ,
ಪ್ರತಿಮೆಯಾಗಲು ಪುರುಸೊತ್ತೇ ಸಿಗದ ಒಬ್ಬ ಹೆಂಡತಿ